ಒಲೆಯ ಮೇಲಿನ ನೀರು

ಜನವರಿ 8, ಶನಿವಾರ

ಬಾಟಲಿ ತೊಳೆದಾಯಿತು. ನಿಪ್ಪಲ್‌ಗಳನ್ನು ಬೇರೆಯಾಗಿ ಕುದಿಸಿ ಬಟ್ಟೆಯ ಮೇಲೆ ಬೋರಲು ಹಾಕಿದ್ದೇನೆ. ಬಾಟಲಿಗಳು ಕಿಟಕಿಯ ಕೆಳಗೆ ಸಾಲಾಗಿ ನಿಂತಿವೆ, ಬೆಳಗಿನ ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ. ಒಂದು ಮಾತ್ರ ವಾಲಿದೆ. ಪ್ರತಿ ತರಗತಿಯಲ್ಲೂ ಅಂಥವನೊಬ್ಬ ಇರುತ್ತಾನೆ.

ಕೆಲಸ ಹಂಚಿಕೊಂಡಿದ್ದೇವೆ. ಡಾರ್ಲಾ ಹೆತ್ತಳು, ನಾನು ತೊಳೆಯುತ್ತೇನೆ. ಅವಳಿಗೆ ಹೆಚ್ಚು ಹೊರೆಯಾಯಿತು ಅನ್ನಿಸಿದರೂ ಈಗ ಬದಲಾಯಿಸುವ ಹಾಗಿಲ್ಲ.

ಹೆರಿಗೆಯಾದದ್ದೇ ಅವಳ ಸಂಧಿವಾತ ಕೆರಳಿತು. ಬೆರಳು ಮಡಚುವುದಿಲ್ಲ. ಮಗುವನ್ನು ಎತ್ತಿದರೆ ಜಾರೀತು ಎಂಬ ಭಯ. ಮಾತ್ರೆ ಕಟುವಾದದ್ದು, ಹಾಲಿಗೂ ಇಳಿಯುತ್ತದೆ, ಎದೆಹಾಲು ಬೇಡವೇ ಬೇಡ ಎಂದರು ಡಾಕ್ಟರು. ಹಾಗಾಗಿ ಡಬ್ಬದ ಪುಡಿ. ಹಾಗಾಗಿ ನೀರು. ಹಾಗಾಗಿ ಪಟ್ಟಣದ ಬಾಡಿಗೆ ಮನೆಗೆ ಬೀಗ ಹಾಕಿ, ಚಳಿಗಾಲ ಮುಗಿಯುವವರೆಗೆ ಅವಳ ತವರಿನಲ್ಲಿ ಠಿಕಾಣಿ. ಸುತ್ತ ಮಂಜು ಹೊದ್ದ ಮೆಕ್ಕೆಜೋಳದ ಹೊಲ. ನೆಬ್ರಾಸ್ಕಾದಲ್ಲಿ ನೋಡಲು ಇನ್ನೇನಿದೆ ಎಂದು ಕೇಳಿದರೆ, ಅದರಾಚೆ ಇನ್ನೊಂದು ಹೊಲ.

ಸಂಜೆ ಅಂಗಡಿಯಿಂದ ನೀರಿನ ಕ್ಯಾನ್ ತಂದೆ. ಮುಚ್ಚಳದ ಮೇಲೆ ನಗುವ ಮಗುವಿನ ಚಿತ್ರ. ಮಾವ ಲೂಮೀರ್ ಟ್ರಕ್ಕಿನ ಬಳಿ ನಿಂತು, ನಾನು ಇಳಿಸುವುದನ್ನೇ ನೋಡಿದರು. ಕೈಹಾಕಲಿಲ್ಲ.

"ಮೇಷ್ಟ್ರೇ, ಮುಂದಿನ ಸಲ ಹೋದಾಗ ಅಂಗಡೀಲಿ ಗಾಳಿ ಮಾರ್ತಾರಾ ಕೇಳ್ಕೊಂಡ್ ಬನ್ನಿ. ನಮ್ಮ ಕಡೆ ಗಾಳೀನೂ ಸ್ವಲ್ಪ ಹಳೇದು."

ಈ ಮನೆಯ ಹಿಂದಿನ ಬಾವಿಯನ್ನು ತೋಡಿದ್ದು ಅವರಜ್ಜ, ಬೊಹೀಮಿಯಾದಿಂದ ಬಂದವರು. ದನದ ಕೊಟ್ಟಿಗೆಗೂ ಮನೆಗೂ ನಡುವೆ, ಇಳಿಜಾರಿನಲ್ಲಿ, ಎರಡಕ್ಕೂ ಹತ್ತಿರವಾಗಲಿ ಎಂದು. ಮಾವನಿಗೆ ಬಾವಿಯ ಹೆಮ್ಮೆ, ನನಗೆ ಮಗುವಿನ ಭಾವಿಯ ಚಿಂತೆ. ಊಟದ ಮೇಜಿನಲ್ಲಿ ಎರಡೂ ಎದುರುಬದುರು ಕೂತಿದ್ದವು. ಉಪ್ಪು ಮಾತ್ರ ಆ ಕಡೆಯಿಂದ ಈ ಕಡೆಗೆ ದಾಟಿತು.

ಜನವರಿ 9, ಭಾನುವಾರ

ಚರ್ಚು. ಆಮೇಲೆ ಎಂದಿನಂತೆ ಹಿಂದಿನ ಸಮಾಧಿಗಳ ಕಡೆ. ಅತ್ತೆ ಅಡೆಲಾ ಕೈಗವಸು ಬಿಚ್ಚಿ ಬರಿಗೈಯಲ್ಲೇ ಒಂದು ಪುಟ್ಟ ಕಲ್ಲಿನ ಮೇಲಿನ ಹಿಮ ಒರೆಸಿದರು. ಮೇಲೆ ಕೆತ್ತಿದ ಕುರಿಮರಿ. ಮೂಗು ಸವೆದಿದೆ. ಎಮಿಲ್ ಕೊಲಾರಿಕ್. ಹುಟ್ಟಿದ ವರ್ಷ, ತೀರಿದ ವರ್ಷ ಎರಡೂ ಒಂದೇ.

ಡಾರ್ಲಾಳ ದೊಡ್ಡಣ್ಣ. ಅವಳು ಹುಟ್ಟುವ ಎಷ್ಟೋ ಮೊದಲಿನ ಮಾತು. ಎರಡು ತಿಂಗಳೂ ತುಂಬಿರಲಿಲ್ಲವಂತೆ. ಹೃದಯ ಬಲಹೀನ ಎಂದಿದ್ದರಂತೆ ಆಗಿನ ಡಾಕ್ಟರು. ಬಾಟಲಿ ಹಾಲೇ ಆಧುನಿಕ ಎಂಬ ಕಾಲ. ಡಬ್ಬದ ಹಾಲು, ಮೆಕ್ಕೆಜೋಳದ ಸಿಹಿ ಪಾಕ, ಕುದಿಸಿದ ನೀರು. ಎಮಿಲ್ ಹೋದ ಮೇಲೆ ಹುಟ್ಟಿದವರಿಗೆಲ್ಲ ಅತ್ತೆ ಎದೆಹಾಲನ್ನೇ ಕೊಟ್ಟರು. ಬಾಟಲಿ ಎಂದರೆ ಅವರಿಗೆ ಆಗದು. ಆದರೆ ನಮ್ಮ ಜೋಸಿಗೆ ಬಾಟಲಿ ಬಿಟ್ಟರೆ ಗತಿಯಿಲ್ಲ. ಅದಕ್ಕೇ ನಾನು ಮಗುವಿನ ತುಟಿಗೆ ಬಾಟಲಿ ಇಟ್ಟಾಗೆಲ್ಲ ಅವರು ಹಿಂದೆ ಬಂದು ನಿಲ್ಲುತ್ತಾರೆ. ಉಸಿರು ನನ್ನ ಕತ್ತಿಗೆ ತಾಗುತ್ತದೆ.

ಅತ್ತೆ ಅತ್ತದ್ದನ್ನು ಈ ಮನೆಯಲ್ಲಿ ಯಾರೂ ನೋಡಿಲ್ಲ. ಇವತ್ತೂ ಇಲ್ಲ. ಕುರಿಮರಿಯ ಬೆನ್ನು ತಟ್ಟಿ, ಕೈಗವಸು ಹಾಕಿಕೊಂಡು, "ಕಾಫಿ ಆರೋಗುತ್ತೆ ನಡೀರಿ" ಎಂದರು.

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಗಸಗಸೆ ತುಂಬಿದ ಕೊಲಾಚೆ ರೊಟ್ಟಿ. ಪಕ್ಕದ ಹೊಲದ ಕೆಲ್ಸಿ ತುಂಬು ಬಸುರಿ, ಎರಡು ಕುರ್ಚಿ ಹಿಡಿದು ಕೂತಿದ್ದಾಳೆ. ಅವಳಿಗೆ ಮೂರು ಅಜ್ಜಿಯರ ಉಪದೇಶ ಒಟ್ಟಿಗೇ ನಡೆದಿತ್ತು. ಅವಳು ರೊಟ್ಟಿಯನ್ನು ಮಾತ್ರ ಒಳಗೆ ಬಿಡುತ್ತಿದ್ದಳು.

ಜನವರಿ 12

ಕ್ಲಿನಿಕ್ಕು. ಜೋಸಿ ತೂಕ ಹೆಚ್ಚಿದೆ. ನರ್ಸ್ ಕೊಟ್ಟ ಹಾಳೆಯನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ, ಪಾಠದ ಧಾಟಿಯಲ್ಲಿ: ನೀರು ಒಂದು ನಿಮಿಷ ಕುದಿಯಲಿ, ಆರಲಿ, ಮೊದಲು ನೀರು, ಆಮೇಲೆ ಪುಡಿ, ಚಮಚ ಮಟ್ಟವಾಗಿರಲಿ.

ಅತ್ತೆ ಹಿಟ್ಟು ನಾದುವುದನ್ನು ನಿಲ್ಲಿಸಿದರು. ಒಂದು ನಿಮಿಷದಲ್ಲಿ ಟೀ ಕೂಡ ಬಣ್ಣ ಬಿಡಲ್ಲ, ಅದರಲ್ಲಿ ಯಾವ ರೋಗ ಸಾಯುತ್ತೆ ಎಂದರು. ಕ್ಯಾನಿನ ಕಡೆ ನೋಡಿ, ಅದು ಯಾವ ಗೋದಾಮಿನಲ್ಲಿ, ಯಾವ ಬೇಸಿಗೆಯಲ್ಲಿ, ಎಷ್ಟು ದಿನ ಪ್ಲಾಸ್ಟಿಕ್ಕಿನಲ್ಲಿ ಬೆವೆತಿತ್ತೋ ಎಂದರು. ನೀರು ಒಂದು ನಿಮಿಷ ಕುದಿಯಿತು. ಅತ್ತೆ ಮಧ್ಯಾಹ್ನವೆಲ್ಲ.

ಮಾವ ಒಂದು ವಾದ ಇಟ್ಟರು, ಸರಿಯಾದ ವಾದವೇ. ಹೋದ ಶರತ್ಕಾಲದಲ್ಲಿ ಬಾವಿ ಪರೀಕ್ಷೆ ಮಾಡಿಸಿದ್ದಾರೆ. ಕ್ರಿಮಿ ಇಲ್ಲ ಅಂತ ಕೌಂಟಿ ಕಚೇರಿಯವರೇ ಹೇಳಿದ್ದಾರೆ. ಒಂದೂ ಇಲ್ಲ.

"ನಿಮ್ಮ ಪಟ್ಟಣದ ನಲ್ಲಿ ಅಷ್ಟು ಹೇಳುತ್ತಾ ಮೇಷ್ಟ್ರೇ?"

ಪಟ್ಟಣದ ನಲ್ಲಿ ಏನೂ ಹೇಳುವುದಿಲ್ಲ, ಬರೀ ತೊಟ್ಟಿಕ್ಕುತ್ತದೆ ಎಂದೆ. ನಕ್ಕರು. ನಗಿಸಿ ಸೋಲುವುದು ನನ್ನ ಅಭ್ಯಾಸ.

ಜನವರಿ 13

ಡಾರ್ಲಾ ಬೆಳಿಗ್ಗೆ ಹಾಸಿಗೆಯಲ್ಲೇ ಹೇಳಿದಳು. ಕೈಯನ್ನು ಬಿಸಿನೀರಿನ ಚೀಲದ ಮೇಲಿಟ್ಟುಕೊಂಡು, ಸೂರು ನೋಡುತ್ತ.

"ಅಮ್ಮ ಒಂದು ಮಗೂನ ಬಾಟಲೀಲಿ ಕಳ್ಕೊಂಡಿದಾಳೆ. ಈ ಮಗೂನಾದ್ರೂ ಬಾಟಲೀಲಿ ಉಳಿಸ್ಕೋಬೇಕು ಅವಳಿಗೆ. ನೀರು ಕುದಿಸೋದೊಂದು ಬಿಟ್ಕೊಡು. ನಿನಗೇನು ಹೋಗುತ್ತೆ?"

ಯೋಚಿಸಿದೆ. ನಿಜಕ್ಕೂ ಏನೂ ಹೋಗುವುದಿಲ್ಲ. ಕ್ರಿಮಿಯಿಲ್ಲದ ನೀರು, ಅದನ್ನು ಮತ್ತೆ ಕುದಿಸುವುದು. ಅಂಗಡಿಯ ಕ್ಯಾನಿಗಿಂತ ಶುದ್ಧವೇ ಇರಬೇಕು. ಆದದ್ದಾಗಲಿ, ಶಾಂತಿ.

ಉಳಿದ ಕ್ಯಾನುಗಳನ್ನು ಜಗಲಿಗೆ ಸಾಗಿಸಿದೆ. ಸಂಜೆಯೊಳಗೆ ಹೆಪ್ಪುಗಟ್ಟಿ ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದವು. ಮುಚ್ಚಳದ ಮಗು ಮಾತ್ರ ನಗುತ್ತಲೇ ಇತ್ತು.

ರಾತ್ರಿ ಊಟಕ್ಕೆ ಹಂದಿಮಾಂಸ, ಕಡುಬು, ಹುಳಿ ಎಲೆಕೋಸು. ನನ್ನ ತಟ್ಟೆಗೆ ಮೂರನೆಯ ಕಡುಬು ತಾನಾಗಿ ಬಂತು. ಕದನವಿರಾಮದ ಕಡುಬು.

ಜನವರಿ 15

ಹೊಸ ವ್ಯವಸ್ಥೆಯನ್ನು ದಾಖಲಿಸತಕ್ಕದ್ದು.

ಅಡುಗೆಮನೆಯ ಮೂಲೆಯಲ್ಲಿ ಸೌದೆ ಒಲೆ. ಅದರ ಮೇಲೆ ಬಿಳಿ ಎನಾಮಲ್ ಪಾತ್ರೆ, ಅಂಚಿಗೆ ನೀಲಿ ಪಟ್ಟಿ, ಅಲ್ಲಲ್ಲಿ ಚಕ್ಕೆ ಎದ್ದು ಕಪ್ಪು. ಅತ್ತೆಯ ಮದುವೆಗೆ ಬಂದದ್ದು. ಚಳಿಗಾಲವಿಡೀ ಅದರಲ್ಲಿ ನೀರು ಕುದಿಯುತ್ತಿರಬೇಕು. ಹಬೆಯಿಂದ ಮನೆಯ ಗಾಳಿ ಒಣಗುವುದಿಲ್ಲ, ಮೂಗು ಬಿರಿಯುವುದಿಲ್ಲ. ಈ ಕಡೆಯ ಮನೆಗಳಲ್ಲೆಲ್ಲ ಇರುವ ಪದ್ಧತಿ. ಈಗ ಅದೇ ಜೋಸಿಯ ನೀರು. ಬೆಳಿಗ್ಗೆಯಿಂದ ಮಲಗುವವರೆಗೆ ಕೊತಕೊತ. ತಗ್ಗಿದ ಹಾಗೆ ಬಾವಿಯ ನಲ್ಲಿಯಿಂದ ಇನ್ನೊಂದು ತಂಬಿಗೆ. ಮತ್ತೆ ತಗ್ಗುತ್ತದೆ, ಮತ್ತೆ ತಂಬಿಗೆ. ಪಾತ್ರೆಯನ್ನು ಖಾಲಿ ಮಾಡುವುದೇ ಇಲ್ಲ. ಯಾಕೆ ಎಂದು ಕೇಳಿದೆ.

"ಅಷ್ಟು ಕುದ್ದಿರೋ ನೀರನ್ನ ಯಾರಾದ್ರೂ ಚೆಲ್ತಾರೇನೋ, ವೆಂಡೆಲ್?"

ಚರ್ಚಿನ ಫಾದರ್ ಕೊಡುವ ನೀರಿಗಿಂತ ಇದೇ ಹೆಚ್ಚು ಪವಿತ್ರ, ಇದರಲ್ಲೇ ಜೋಸಿಗೆ ಜ್ಞಾನಸ್ನಾನ ಮಾಡಿಸೋಣ ಎಂದೆ. ಅತ್ತೆ ಒದ್ದೆ ಬಟ್ಟೆಯಿಂದ ಹೊಡೆದರು. ತುಟಿಯ ಕೊನೆಯಲ್ಲಿ ನಗು ಇತ್ತು. ಸೌಟಿನಿಂದ ಜಗ್ಗಿಗೆ ತೆಗೆದು, ಬಟ್ಟೆ ಮುಚ್ಚಿ, ಕಿಟಕಿಯಲ್ಲಿ ಆರಲು ಇಟ್ಟರು. ಮಣಿಕಟ್ಟಿನ ಒಳಮೈಗೆ ಎರಡು ಹನಿ ಬಿಟ್ಟು ನೋಡಿದರು. ಪುಡಿಯನ್ನು ಚಾಕುವಿನ ಬೆನ್ನಿನಿಂದ ಸಮ ಮಾಡಿದರು. ಅಷ್ಟು ಜತನವನ್ನು ನಾನು ಬೇರೆಲ್ಲೂ ನೋಡಿಲ್ಲ.

ಜನವರಿ 20

ಹಿಮಬಿರುಗಾಳಿ. ಶಾಲೆಗೆ ರಜೆ. ಕೊಟ್ಟಿಗೆಗೆ ಹೋಗಲು ಮಾವ ಹಗ್ಗ ಕಟ್ಟಿಕೊಂಡರು. ರಸ್ತೆ ಎಂಬುದು ಈಗ ನೆನಪು ಮಾತ್ರ.

ಜೋಸಿಗೆ ಭೇದಿ. ಹಾಲು ಅರ್ಧಕ್ಕೇ ಬಿಡುತ್ತಾಳೆ. ಅತ್ತೆ ಯೋಚನೆ ಮಾಡಿ, ನೀರು ಕುದ್ದದ್ದು ಸಾಲದು ಎಂದು ತೀರ್ಮಾನಿಸಿದರು. ಒಲೆಗೆ ಇನ್ನೆರಡು ಕೊರಡು. ಕಿಟಕಿಯ ಗಾಜಿನ ಮೇಲೆಲ್ಲ ಹಬೆ. ಹೊರಗೂ ಬಿಳಿ, ಒಳಗೂ ಬಿಳಿ.

ಜನವರಿ 23

ಇನ್ನೂ ಗಾಳಿ. ಭೇದಿ ನಿಂತಿಲ್ಲ. ಮಗು ಹೆಚ್ಚು ನಿದ್ದೆ ಮಾಡುತ್ತಿದೆ. ಒಳ್ಳೆಯದು ಎಂದುಕೊಂಡೆವು.

ಜನವರಿ 24, ಮಧ್ಯಾಹ್ನ

ಜೋಸಿಯ ತುಟಿಯ ಬಣ್ಣ. ಹಿಮದ ಬೆಳಕಿಗೆ ಹಾಗೆ ಕಾಣುತ್ತದೆ ಅಂದುಕೊಂಡೆ. ದೀಪದ ಕೆಳಗೆ ತಂದೆ. ಬೂದಿ. ಉಗುರುಗಳೂ. ಪೆನ್ಸಿಲ್ಲಿನಿಂದ ತೀಡಿದ ಹಾಗೆ.

ಮಾವ, ಕೊಲಾರಿಕ್ ಮನೆಯವರೆಲ್ಲ ಚಳಿಗೆ ಹೀಗೇ ಆಗೋದು ಎಂದು ತಮಾಷೆ ಶುರುಮಾಡಿ ಅರ್ಧಕ್ಕೇ ಬಿಟ್ಟರು. ಅತ್ತೆ ಹತ್ತಿರ ಬಂದು, ಒಮ್ಮೆ ನೋಡಿ, ಉಗ್ರಾಣದ ಕೋಣೆಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಎಷ್ಟು ಹೊತ್ತಾದರೂ ಬರಲಿಲ್ಲ. ಡಾರ್ಲಾ ಹೊರಗೆ ನಿಂತು ಕರೆದಳು. ಒಳಗಿಂದ ಒಂದೇ ಮಾತು.

"ಇದೇ ಬಣ್ಣ."

ಮಾವ ಟ್ರ್ಯಾಕ್ಟರ್ ತರಲು ಹೋಗಿದ್ದಾರೆ. ದಾರಿ ಬಿಡಿಸಬೇಕು. ನಾನು ಇದನ್ನು ಯಾಕೆ ಬರೆಯುತ್ತಿದ್ದೇನೆ? ಕೈಗೆ ಬೇರೆ ಕೆಲಸವಿಲ್ಲ. ಬಾಟಲಿಗಳು ತೊಳೆದೇ ಇವೆ.

ಜನವರಿ 24, ಸಂಜೆ 4

ಕ್ಲಿನಿಕ್ಕಿನ ಬೆಂಚು. ಆಮ್ಲಜನಕ ಹಾಕಿದ್ದಾರೆ. ಬಣ್ಣ ತಿರುಗಲಿಲ್ಲ. ಡಾಕ್ಟರು ಎದೆಯ ಮೇಲೆ ಬಹಳ ಹೊತ್ತು ಕಿವಿಯಿಟ್ಟು, ಹೃದಯ ಇರಬಹುದು ಎಂದರು. ಒಮಾಹಾದ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸ್.

ಹೃದಯ ಎಂಬ ಮಾತು ಕೇಳಿದ್ದೇ ಅತ್ತೆ ಕೋಟು ಬಿಚ್ಚಲು ಹೊರಟರು, ಬಿಚ್ಚಲಿಲ್ಲ, ಹಾಗೇ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಮಾವ ಎಬ್ಬಿಸಲು ಹೋದರೆ ಬೇಡ ಎಂದು ತಲೆಯಾಡಿಸಿದರು. ಮಾವನೂ ಪಕ್ಕದಲ್ಲೇ ಕೂತರು, ಬೂಟಿನ ಹಿಮ ಕರಗುತ್ತಿದ್ದ ಹಾಗೇ.

ಆಂಬುಲೆನ್ಸ್ ಬಂ

ಜನವರಿ 27, ಒಮಾಹಾ

ಬದುಕಿದ್ದಾಳೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ಉಳಿದದ್ದು ಕ್ರಮವಾಗಿ. ರಕ್ತ ತೆಗೆದರು. ಕೆಂಪಿರಲಿಲ್ಲ. ನಿನ್ನೆ ಉಳಿದ ಕಾಫಿಯ ಬಣ್ಣ. ಡಾಕ್ಟರು ಒಬ್ಬ ಚಿಕ್ಕ ಪ್ರಾಯದ ಹೆಂಗಸು. ಸಿರಿಂಜನ್ನು ಬೆಳಕಿಗೆ ಹಿಡಿದು, ಗಾಳಿ ತಾಗಿಸಿ ನೋಡಿದರು. ಕೆಂಪಾಗಲಿಲ್ಲ. ನನ್ನ ಕಡೆ ತಿರುಗಿದರು.

"ಹಾಲಿಗೆ ಯಾವ ನೀರು ಹಾಕ್ತೀರಿ?"

ಹೆಮ್ಮೆಯಿಂದ ಹೇಳಿದೆ, ಕುದಿಸಿದ್ದು. ಬಾವೀದು, ಆದ್ರೆ ಕುದಿಸಿದ್ದು.

"ಎಷ್ಟು ಹೊತ್ತು?"

"ಇಡೀ ದಿನ."

ಅವರು ನರ್ಸಿಗೆ ಏನೋ ಹೇಳಿದರು, ಬೇಗ. ಸೂಜಿಯಲ್ಲಿ ಒಂದು ಔಷಧ ತಂದರು. ಅದು ನೀಲಿ, ಶಾಯಿಯಂಥ ನೀಲಿ. ನೀಲಿಗಟ್ಟಿದ ಮಗುವಿಗೆ ನೀಲಿ ಔಷಧ. ಅದು ಒಳಗೆ ಹೋಯಿತು. ನಾನು ತುಟಿಯನ್ನೇ ನೋಡುತ್ತ ನಿಂತೆ. ತುಟಿ ಮೊದಲು, ಆಮೇಲೆ ಕಿವಿ, ಆಮೇಲೆ ಬೆರಳು, ಬಣ್ಣ ವಾಪಸು ಬಂತು. ಗಂಟೆಯೂ ಹಿಡಿಯಲಿಲ್ಲ. ಮಾರನೆಯ ದಿನ ಡಯಾಪರ್‌ನಲ್ಲಿ ಹಸಿರು ನೀಲಿ ಮೂತ್ರ. ಡಾರ್ಲಾ ಅದನ್ನು ನೋಡಿ ನಕ್ಕಳು, ನಗು ಹಿಡಿತ ತಪ್ಪಿತು, ನರ್ಸ್ ಬಂದು ಕೂರಿಸಬೇಕಾಯಿತು.

ಆಮೇಲೆ ಡಾಕ್ಟರು ವಿವರಿಸಿದರು. ನೈಟ್ರೇಟು. ಗೊಬ್ಬರದ್ದು, ದನದ ಕೊಟ್ಟಿಗೆಯದ್ದು. ಮಣ್ಣಿನಲ್ಲಿ ಇಳಿದು ಬಾವಿ ಸೇರುತ್ತದೆ. ದೊಡ್ಡವರಿಗೆ ಹೀಗಾಗುವುದಿಲ್ಲ. ಎಳೆಗೂಸಿನ ರಕ್ತವನ್ನು ಕೆಡಿಸುತ್ತದೆ, ರಕ್ತ ಉಸಿರನ್ನು ಹೊರಲಾರದ ಹಾಗೆ. ಮಾವ ಮಾಡಿಸಿದ್ದು ಕ್ರಿಮಿಯ ಪರೀಕ್ಷೆ. ಇದು ಕ್ರಿಮಿಯಲ್ಲ. ಇದನ್ನು ಬೇರೆಯಾಗಿ ಕೇಳಿ ಮಾಡಿಸಬೇಕು.

ಹಾಗಾದರೆ ಕುದಿಸಿದ್ದು ವ್ಯರ್ಥವೇ ಎಂದು ಕೇಳಿದೆ.

ಡಾಕ್ಟರು ಹೇಳಿದರು. ಕುದಿದರೆ ಹಬೆಯಾಗಿ ಹೋಗುವುದು ನೀರು. ಇದು ಹೋಗುವುದಿಲ್ಲ, ಉಳಿಯುತ್ತದೆ. ಸಾರು ಇಂಗಿದರೆ ಉಪ್ಪಾಗುವ ಹಾಗೆ. ಒಂದು ನಿಮಿಷ ಕುದಿಸಿದರೆ ಹೆಚ್ಚೇನಿಲ್ಲ. ಇಡೀ ದಿನ ಕುದಿಸಿ, ಖಾಲಿ ಮಾಡದೆ, ಮೇಲೆ ಮೇಲೆ ತುಂಬಿಸಿದರೆ…

ಅವರು ವಾಕ್ಯ ಮುಗಿಸಲಿಲ್ಲ. ಹೊಟ್ಟೆ ಕೆಟ್ಟಿದ್ದೂ ಸೇರಿಕೊಂಡಿತು ಎಂದು, ನನ್ನ ಮುಖ ನೋಡಿ, ಸೇರಿಸಿದರು.

ಹಾಲು ಎಂಬ ಪದದಿಂದ ಹುಟ್ಟುವ ಕೆಟ್ಟ ಚಮತ್ಕಾರಗಳು ತಲೆಯಲ್ಲಿ ಬಂದು ಕೂರುತ್ತಿವೆ. ಅಭ್ಯಾಸಬಲ. ಬರೆಯುವುದಿಲ್ಲ.

ಫೆಬ್ರವರಿ 2

ಡಾರ್ಲಾ, ಜೋಸಿ ಒಮಾಹಾದಲ್ಲಿ ನನ್ನ ತಂಗಿಯ ಮನೆಯಲ್ಲಿ. ನಾನು ಶಾಲೆಗಾಗಿ ವಾಪಸು. ಪಟ್ಟಣದ ಮನೆಯ ಪೈಪು ಹೆಪ್ಪುಗಟ್ಟಿ ಒಡೆದಿದೆ, ರಿಪೇರಿ ಆಗುವವರೆಗೆ ಇಲ್ಲೇ.

ಮಾವ ಕೊಟ್ಟಿಗೆಯಲ್ಲಿದ್ದರು. ಅಲ್ಲೇ ಎಲ್ಲ ಹೇಳಿದೆ. ಮೊದಲು, ನಾನು ಅದನ್ನೇ ಕುಡಿದು ಎಪ್ಪತ್ತು ಮುಟ್ಟಿದೆ ಎಂದರು. ದೊಡ್ಡವರಿಗೆ ಹೀಗಾಗುವುದಿಲ್ಲ ಎಂದೆ. ನನ್ನ ಮಕ್ಕಳೆಲ್ಲ ಇಲ್ಲೇ ಬೆಳೆದವು ಎಂದರು. ಎದೆಹಾಲು ಕುಡಿದು ಬೆಳೆದವು ಎಂದೆ.

ಆಗ ಕವೆಗೋಲಿನ ಹಿಡಿಯ ಮೇಲೆ ಗಲ್ಲ ಊರಿ ಹಸುಗಳನ್ನು ನೋಡುತ್ತ ನಿಂತರು. ಎಲ್ಲಿಗೆ ತಲುಪಿದರು ಎಂದು ನನಗೆ ಗೊತ್ತಾಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ನಾನೂ ಅಲ್ಲಿಗೇ ತಲುಪಿದ್ದೆ.

"ಎಮಿಲ್‌ಗೂ ಅದೇ ಪಾತ್ರೇಲಿ ಕುದಿಸ್ತಿದ್ಲು."

ಆಗ ಏನಾಗಿತ್ತೋ ಈಗ ಯಾರು ಹೇಳಬಲ್ಲರು ಎಂದೆ. ನಿಜ. ಆದರೆ ಇಬ್ಬರಿಗೂ ಆ ನಿಜದಲ್ಲಿ ನಂಬಿಕೆ ಇರಲಿಲ್ಲ.

"ಅಡೆಲಾಗೆ ಹೇಳ್ಬೇಡಿ ಮೇಷ್ಟ್ರೇ. ಇಷ್ಟು ವರ್ಷ ದೇವರ ಮೇಲೆ ಹಾಕಿ ಬದುಕಿದಾಳೆ. ಗೊತ್ತಾದ್ರೆ ದೇವರನ್ನ ಬಿಟ್ಟುಬಿಟ್ಟು ತನ್ನ ಮೇಲೆ ಹಾಕ್ಕೋತಾಳೆ."

ಈ ಮನುಷ್ಯ ಮೊದಲ ಸಲ ನನ್ನಲ್ಲಿ ಏನನ್ನಾದರೂ ಬೇಡಿದ್ದು. ಒಪ್ಪಿದೆ. ಒಳಗೆ ಹೋಗಿ ಅತ್ತೆಗೆ ಹೇಳಿದ್ದು ಇಷ್ಟು: ಈ ವರ್ಷ ಬಾವಿಗೆ ಏನೋ ಸೇರಿದೆ, ಮಗುವಿಗೆ ಇನ್ನು ಬೇಡ. ಫೋನಿನಲ್ಲಿ ಡಾರ್ಲಾಗೂ ಅದನ್ನೇ ಹೇಳಲು ಹೇಳಿಕೊಟ್ಟೆ.

ಅತ್ತೆ ತಲೆಯಾಡಿಸಿದರು. ಬಿರುಗಾಳಿಯ ಒಂದು ರಾತ್ರಿ ಒಲೆ ಆರಿಹೋಗಿತ್ತು ಎಂದರು. ಎದ್ದು ಬೆಂಕಿ ಹಾಕಬೇಕಿತ್ತು, ಹಾಕಲಿಲ್ಲ, ಮಂಡಿನೋವು. ನೀರು ಆರಿಬಿಟ್ಟಿತ್ತು.

"ನನ್ನ ಸೋಮಾರಿತನ, ವೆಂಡೆಲ್."

ಅಲ್ಲ ಅತ್ತೆ ಎಂದೆ. ಅದಕ್ಕಿಂತ ಮುಂದೆ ಹೋಗಲು ಬಾಗಿಲಿರಲಿಲ್ಲ.

ಫೆಬ್ರವರಿ 5

ಕೌಂಟಿಯವರಿಗೆ ಎರಡು ಸೀಸೆ ಕಳಿಸಿದ್ದೆ, ಒಂದು ನಲ್ಲಿಯದು, ಒಂದು ಒಲೆಯ ಪಾತ್ರೆಯದು. ಫೋನ್ ಬಂತು. ನಲ್ಲಿಯದು ಮಗುವಿಗೆ ಕೊಡಬಾರದಷ್ಟು. ಎರಡನೆಯ ಸೀಸೆಯಲ್ಲಿ ಏನಿತ್ತು, ಗೊಬ್ಬರ ಕದಡಿದ ನೀರೇ ಎಂದು ಕೇಳಿದರು ಆ ಕಡೆಯಿಂದ.

ಇಲ್ಲ ಎಂದೆ. ತುಂಬ ಜೋಪಾನದ ನೀರು ಎಂದೆ.

ಕೆಲ್ಸಿಗೆ ಗಂಡುಮಗು. ಇಡೀ ಚರ್ಚಿಗೆ ಸುದ್ದಿ.

ಫೆಬ್ರವರಿ 13, ಭಾನುವಾರ

ಶಾಲೆಯ ಉತ್ತರಪತ್ರಿಕೆ ತಿದ್ದುತ್ತ ಅಡುಗೆಮನೆಯಲ್ಲಿ ಕೂತಿದ್ದೆ. ಏನೋ ಇಲ್ಲ ಅನ್ನಿಸಿತು. ಸದ್ದು. ಕೊತಕೊತ ಇಲ್ಲ. ಒಲೆಯ ಮೇಲೆ ಪಾತ್ರೆ ಇರಲಿಲ್ಲ.

ಅತ್ತೆ ಎಲೆಕೋಸು ಹೆಚ್ಚುತ್ತ ಹೇಳಿದರು, ಕೆಲ್ಸಿಗೆ ಕೊಟ್ಟೆ. ಚರ್ಚಿನಿಂದ ಬರುತ್ತ ಕೋಳಿಸಾರು ಕೊಡಲು ಹೋಗಿದ್ದರಂತೆ. ಅವಳಿಗೆ ಹಾಲು ಸಾಲದು, ಬಾಟಲಿ ಶುರುಮಾಡಿದ್ದಾಳೆ. ಹೊಸ ಹುಡುಗಿ, ಒಂದು ನಿಮಿಷ ಕುದಿಸುತ್ತಿದ್ದಳು.

"ಬೆಂಕಿ ಆರೋಕೆ ಬಿಡ್ಬೇಡ, ಇಡೀ ದಿನ ಕುದೀಲಿ ಅಂದೆ. ನನ್ನ ತಪ್ಪು ಅವಳು ಮಾಡ್ಬಾರ್ದಲ್ಲ."

ಕೋಟು ಎಲ್ಲಿತ್ತೋ. ಮಾವನ ಟ್ರಕ್ ಎರಡು ಸಲ ಜಾರಿ ಚರಂಡಿಯ ಅಂಚಿಗೆ ಬಂತು. ಅವರ ಬಾವಿಯೂ ಅಂಥದ್ದೇ, ಅದೇ ಇಳಿಜಾರು, ಮೇಲೆ ಹಂದಿಯ ಕೊಟ್ಟಿಗೆ.

ಕೆಲ್ಸಿಯ ಸ್ಟವ್ ಮೇಲೆ ನೀಲಿ ಅಂಚಿನ ಪಾತ್ರೆ, ಆಗಲೇ ಹಬೆಯಾಡುತ್ತಿತ್ತು. ಮಗುವಿನ ತುಟಿ ನೋಡಿದೆ. ಕೆಂಪು. ಇನ್ನೂ ಒಂದು ಬಾಟಲಿಯೂ ಅದರಲ್ಲಿ ಬೆರೆಸಿರಲಿಲ್ಲ. ಗ್ಯಾಸ್ ಆರಿಸಿ, ಪಾತ್ರೆಯ ನೀರನ್ನು ಸಿಂಕಿಗೆ ಸುರಿದೆ. ಕೈ ಸುಟ್ಟಿತು. ಕೆಲ್ಸಿ ಬಾಗಿಲಲ್ಲಿ ನಿಂತು, ಈ ಮೇಷ್ಟ್ರಿಗೆ ಏನಾಗಿದೆ ಎಂದು ನೋಡುತ್ತಿದ್ದಳು.

"ಅಡೆಲಾ ಆಂಟಿ ಹೇಳಿದ್ದು ಅದು. ಕಳ್ಕೊಂಡವರಿಗೆ ಗೊತ್ತಿರಲ್ವಾ?"

ಕೂರಿಸಿ ಎಲ್ಲ ಹೇಳಿದೆ. ನೈಟ್ರೇಟು, ಹಬೆ, ಇಂಗಿದ ಸಾರು. ಅಂಗಡಿಯ ನೀರು ತಾ, ಬಾವಿಯದನ್ನು ಮುಟ್ಟಬೇಡ, ಕುದಿಸಿಯೂ ಮುಟ್ಟಬೇಡ ಎಂದೆ. ಅವಳು ಮಗುವನ್ನು ಎದೆಗೊತ್ತಿ ಹಿಡಿದು ಕೇಳುತ್ತಿದ್ದವಳು, ತಟ್ಟನೆ ಕಣ್ಣರಳಿಸಿದಳು. ಅವಳೂ ಆ ಕುರಿಮರಿಯ ಕಲ್ಲನ್ನು ನೋಡುತ್ತಲೇ ಬೆಳೆದವಳು. ಪಾತ್ರೆಯನ್ನು ಒರೆಸಿ ನನ್ನ ಕೈಗಿಟ್ಟಳು.

ಟ್ರಕ್ಕಿನ ಸೀಟಿನ ಕೆಳಗೆ ತುರುಕಿದ್ದೇನೆ. ಕೆಲ್ಸಿಯ ಮನೆಯಲ್ಲಿ ಸಾಬೂನಿನ ಪುಡಿ ಬೇಕಿತ್ತಂತೆ, ಅದಕ್ಕೆ ಹೋಗಿದ್ದೆ ಎಂದು ಅತ್ತೆಗೆ ಹೇಳಿದೆ. ಇಷ್ಟು ಕೆಟ್ಟ ಸುಳ್ಳನ್ನು ನನ್ನ ವಿದ್ಯಾರ್ಥಿಗಳು ಹೇಳಿದರೆ ನಾನೇ ತಿದ್ದಿ ಕೊಡುತ್ತಿದ್ದೆ.

ಫೆಬ್ರವರಿ 14, ಸಂಜೆ 5

ಶಾಲೆಯಿಂದ ಬಂದಾಗ ಪಾತ್ರೆ ಊಟದ ಮೇಜಿನ ಮೇಲಿತ್ತು.

ಮಾವನಿಗೆ ಟ್ರಕ್ಕಿನಲ್ಲಿ ಸ್ಪ್ಯಾನರ್ ಬೇಕಾಗಿತ್ತಂತೆ ಬೆಳಿಗ್ಗೆ. ಅತ್ತೆಯನ್ನು ಹುಡುಕಲು ಕಳಿಸಿದ್ದರು. ಈಗ ಮಾವ ಎದ್ದು ಕೊಟ್ಟಿಗೆಗೆ ಹೋಗಿದ್ದಾರೆ, ಟೋಪಿಯಿಲ್ಲದೆ.

ಅತ್ತೆ ಅದನ್ನು ವಿನೆಗರ್ ಹಾಕಿ ಉಜ್ಜಿದ್ದರು. ತಳದಲ್ಲಿ ವರ್ಷಗಟ್ಟಲೆ ಕೂತ ಬಿಳಿ ಗಟ್ಟಿ ಪದರ ಎದ್ದು ತಟ್ಟೆಯಲ್ಲಿ ಚಕ್ಕೆ ಚಕ್ಕೆಯಾಗಿ ಬಿದ್ದಿತ್ತು. ಇದಾ ಎಂದು ಕೇಳಿದರು. ಅಲ್ಲ, ಅದು ಬರೀ ಸುಣ್ಣ ಎಂದೆ. ಇನ್ನೊಂದು ಕಣ್ಣಿಗೆ ಕಾಣುವುದಿಲ್ಲ ಎಂದೆ. ಅಂದಮೇಲೆ ಗೊತ್ತಾಯಿತು, ಇನ್ನೊಂದು ಇದೆ ಎಂದು ಒಪ್ಪಿಕೊಂಡೆ.

ಕೆಲ್ಸಿಗೆ ಫೋನ್ ಮಾಡಿದ್ದರಂತೆ. ಅವಳು, ಮೇಷ್ಟ್ರನ್ನೇ ಕೇಳಿ ಆಂಟಿ ಎಂದು ಅತ್ತಳಂತೆ.

"ಅವಳು ಯಾಕೋ ಅಳ್ಬೇಕು, ವೆಂಡೆಲ್?"

ಅತ್ತೆ ಪಾತ್ರೆಯ ನೀಲಿ ಅಂಚಿನ ಮೇಲೆ ಬೆರಳಾಡಿಸುತ್ತ ಹೇಳತೊಡಗಿದರು. ಎಮಿಲ್‌ಗೆ ಹುಷಾರು ತಪ್ಪಿದಾಗ ಅವರಿಗೆ ಇಪ್ಪತ್ತೆರಡು. ಅವರ ಅತ್ತೆ ಹೇಳಿದರಂತೆ, ನೀರು ಸರಿಯಾಗಿ ಕುದಿಸುತ್ತಿಲ್ಲ ನೀನು, ಇವತ್ತಿನ ಹುಡುಗೀರು ಹೀಗೇ. ಅಂದಿನಿಂದ ಒಲೆ ಬಿಟ್ಟು ಏಳಲಿಲ್ಲವಂತೆ. ಅವನು ಬಾಡುತ್ತ ಹೋದ ಹಾಗೆ ಇವರು ಕುದಿಸುತ್ತ ಹೋದರು. ಅವನು ಇನ್ನೂ ಬಾಡಿದ. ಇವರು ಇನ್ನೂ ಕುದಿಸಿದರು.

ಅಡುಗೆಯ ವಿಧಾನ ಹೇಳುವ ಹಾಗೆ ಹೇಳಿದರು. ಅಳಲಿಲ್ಲ. ಅತ್ತಿದ್ದರೆ ನಾನು ಎದ್ದು ಹೋಗಿ ಭುಜ ಹಿಡಿದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಉತ್ತರ ಹೇಳುವುದು ತಪ್ಪುತ್ತಿತ್ತು.

"ಕುದಿಸದೇ ಕೊಟ್ಟಿದ್ರೆ ಉಳೀತಿದ್ನಾ?"

ಓದುವ ಕನ್ನಡಕ ಮೇಲಿದೆ, ತಂದು ಹೇಳುತ್ತೇನೆ ಎಂದೆ. ಉತ್ತರ ಹೇಳಲು ಕನ್ನಡಕ. ಅತ್ತೆ ಸರಿ ಎಂದರು. ಕಾಯುತ್ತೇನೆ ಎಂದರು.

ಮೇಲೆ ಬಂದು ಕೂತಿದ್ದೇನೆ. ವಾಕ್ಯ ಕಟ್ಟಬೇಕು. ಅದೊಂದೇ ನನಗೆ ಬರುವ ಕೆಲಸ.

ಯಾರಿಗೂ ಗೊತ್ತಿರಲಿಲ್ಲ ಅತ್ತೆ, ಡಾಕ್ಟರಿಗೂ. — ಕೇಳಿದ್ದು ಅದನ್ನಲ್ಲ.

ಕುದಿಸದಿದ್ದರೂ ಬಾವಿಯಲ್ಲಿ ಇದ್ದೇ ಇತ್ತು. — ಇರಬಹುದು. ಎಷ್ಟಿತ್ತು? ಗೊತ್ತಿಲ್ಲ.

ಗೊತ್ತಿಲ್ಲ. — ಇದೇ ಸತ್ಯ. ನನ್ನ ಮುಖ ಅದನ್ನು ಹೇಳಲಾರದು. ನನ್ನ ಮುಖಕ್ಕೆ ಗೊತ್ತಿದೆ ಎಂದು ಅವರಿಗೆ ಗೊತ್ತಿದೆ.

ನಿಮ್ಮಷ್ಟು ಜೋಪಾನ ಮಾಡಿದವರನ್ನು ನಾನು — ಬೇಡ. ಆ ಜೋಪಾನವೇ ಚಾಕು.

ಮೆಟ್ಟಿಲ ಮೇಲೆ ಸದ್ದು. ಮಂಡಿನೋವು ಬಂದ ಮೇಲೆ ಅತ್ತೆ ಮಹಡಿ ಹತ್ತಿಲ್ಲ. ಒಂದು ಮೆಟ್ಟಿಲು, ನಿಲುಗಡೆ. ಇನ್ನೊಂದು. ಎನಾಮಲ್ಲು ಕಟಕಟೆಗೆ ತಾಗುತ್ತಿದೆ. ಪಾತ್ರೆಯನ್ನೂ ತರುತ್ತಿದ್ದಾರೆ.

ಬಾಗಿಲ ಹೊರಗೆ ನಿಂತಿದ್ದಾರೆ. ತಟ್ಟುತ್ತಿಲ್ಲ. ಬನ್ನಿ ಅತ್ತೆ ಎಂದು ಕರೆದು, ಕೂರಿಸಿ, ನಾನು